ವಾಲಗಕ್ಕೆ ಕೂತ ರಾಕ್ ಮಂದಿ

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಆಫೀಸಿನ ಗೆಳೆಯರೊಬ್ಬರು ಮಸ್ಕತ್ ಬಿಟ್ಟು ಕೆನಡಾಕ್ಕೆ ಹೊರಟಿದ್ದರು. ಬೀಳ್ಕೊಡುಗೆಯ ಊಟಕ್ಕೆಂದು ಹದಿನೈದು ಜನ ಸೇರಿ ಅಲ್ ಖುವೈರಿನ ಒಂದು ಹೋಟೆಲಿಗೆ ಹೋಗಿದ್ದೆವು. ಬಫೆಯ ಸಿಹಿತಿಂಡಿ ಮೇಜಿನ ಪಕ್ಕ, ಎಲ್ಲರೂ ತಟ್ಟೆ ಹಿಡಿದು ಓಡಾಡುವ ಜಾಗದಲ್ಲಿ, ಒಬ್ಬ ಹಿರಿಯರು ಸ್ಟೂಲಿನ ಮೇಲೆ ಕೂತು ಗಿಟಾರ್ ನುಡಿಸುತ್ತಿದ್ದರು. ಅರುವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲ ಬಳಿ ಸೂಟ್‌ಕೇಸಿನಷ್ಟು ದೊಡ್ಡ ಆಂಪ್ಲಿಫೈಯರ್, ತಾಳಕ್ಕೆ ಒಂದು ರಿದಮ್ ಮೆಷಿನ್ನು. ಕೇಳುವವರು ಯಾರೂ ಇರಲಿಲ್ಲ. ಒಂದು ಮಗು ಬಂದು ಮೆಷಿನ್ನಿನ ಬಟನ್ ಒತ್ತಿಬಿಟ್ಟಿತು, ತಾಳ ಇದ್ದಕ್ಕಿದ್ದಂತೆ ವಾಲ್ಟ್ಜ್‌ಗೆ ತಿರುಗಿತು. ಹಿರಿಯರು ಹಾಡನ್ನು ನಿಲ್ಲಿಸಲಿಲ್ಲ. ನಾಲ್ಕರ ನಡೆಯಲ್ಲಿದ್ದ ಹಾಡನ್ನು ಮೂರಕ್ಕೆ ಮಡಿಚಿ, ಎರಡು ಸಾಲು ಹಾಗೇ ನುಡಿಸಿ, ಎಡಗೈ ಬಿಡುವಾದಾಗ ಬಟನ್ ಸರಿಮಾಡಿ ಮತ್ತೆ ನಾಲ್ಕಕ್ಕೆ ಬಂದರು.

ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಗಿಟಾರ್ ಕೆರೆದವನು ನಾನು. ಆ ಮಡಿಚಾಟ ಎಷ್ಟು ಕಷ್ಟ ಅನ್ನುವುದು ಗೊತ್ತಿದ್ದರಿಂದ ಗುಲಾಬ್ ಜಾಮೂನಿನ ತಟ್ಟೆ ಹಿಡಿದುಕೊಂಡೇ ಹತ್ತಿರ ಹೋಗಿ "ಊರು ಯಾವುದು ಸರ್?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. "ಮಂಗಳೂರು" ಅಂದರು. ಆಮೇಲೆ ಮಾತು ಕನ್ನಡಕ್ಕೆ ಹೊರಳಿತು. ಇಪ್ಪತ್ತರ ಹರೆಯದಲ್ಲಿ ಮುಂಬಯಿಯಲ್ಲಿ ರಾಕ್ ಬ್ಯಾಂಡುಗಳ ಹಿಂದೆ ತಿರುಗಿದವರು, ತಾವೂ ಬಾರಿಸಿದವರು. ಆಮೇಲೆ ಹಡಗು, ಆಮೇಲೆ ಕೊಲ್ಲಿಯ ಹೋಟೆಲುಗಳು. "ಯಾರೂ ಕೇಳದಿದ್ದರೆ ಬೇಜಾರಾಗಲ್ವಾ ಸರ್?" ಅಂತ ಕೇಳಿದ್ದಕ್ಕೆ ಅವರು ನಕ್ಕರು. "ಎಂತ ಬೇಜಾರು ಮಾರಾಯ್ರೇ, ಇದು ವಾಲಗ ಅಲ್ವಾ? ಮದುವೆಮನೆಯಲ್ಲಿ ವಾಲಗದವನನ್ನು ಯಾರು ಕೂತು ಕೇಳ್ತಾರೆ? ಅವನಿಗೆ ಗಟ್ಟಿಮೇಳ ಅಂತ ಒಂದಾದರೂ ಉಂಟು. ನಮಗೆ ಅದೂ ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ವಾಲಗ ಎಂಥ ಕಠಿಣ ಕಸುಬು ಅನ್ನುವುದನ್ನು ನಾವು ಗಮನಿಸಿಯೇ ಇಲ್ಲ ನೋಡಿ. ಮುಂಜಾನೆ ನಾಲ್ಕಕ್ಕೆ ಎದ್ದು ಛತ್ರದ ಬಾಗಿಲಲ್ಲಿ ಕೂತು, ಬೀಗರನ್ನು ಎದುರುಗೊಳ್ಳುವುದರಿಂದ ಹಿಡಿದು ಊಟದ ಪಂಕ್ತಿಯವರೆಗೆ ಊದಬೇಕು, ಬಡಿಯಬೇಕು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ" ಎಂದಾಗ ಮಾತ್ರ ಇಡೀ ಮಂಟಪ ಅವರ ಕಡೆ ತಿರುಗುತ್ತದೆ, ಅದೂ ಅರೆ ನಿಮಿಷ. ಆ ಅರೆ ನಿಮಿಷದಲ್ಲಿ ರಾಗ ಯಾವುದು ಅಂತ ಯಾರೂ ಕೇಳುವುದಿಲ್ಲ, ಅಕ್ಷತೆ ಹಾಕುವುದರಲ್ಲಿರುತ್ತಾರೆ. ಆದರೂ ಅವರು ಮಧ್ಯಾಹ್ನದ ಹೊತ್ತಿಗೆ ಯಾವುದೋ ಮೂಲೆಯಲ್ಲಿ, ತಮ್ಮಷ್ಟಕ್ಕೆ ತಾವು, ಒಂದು ತೋಡಿಯನ್ನೋ ಕಲ್ಯಾಣಿಯನ್ನೋ ಅರ್ಧ ಗಂಟೆ ಬೆಳೆಸುವುದುಂಟು. ಚಿಕ್ಕಂದಿನಲ್ಲಿ ಹಾಸನದ ಕಡೆಯ ಮದುವೆಗಳಲ್ಲಿ ನಾನೇ ಕೇಳಿದ್ದೇನೆ. ಯಾರಿಗಾಗಿ ಅದು?

ಹೊರಡುವ ಮೊದಲು ಆ ಹಿರಿಯರು ಎರಡು ಹೆಸರು ಹೇಳಿದ್ದರು. ಒಂದು, ಹ್ಯೂಮನ್ ಬಾಂಡೇಜ್ ಎಂಬ ಬ್ಯಾಂಡು. ಇನ್ನೊಂದು, ಅದರ ಡ್ರಮ್ಮರ್ ರಮೇಶ್ ಶೋತಮ್. "ಅವನು ಡ್ರಮ್ಸ್ ಬಿಟ್ಟು ತವಿಲ್ ಕಲಿತ ಮಾರಾಯ್ರೇ. ಜರ್ಮನಿಗೆ ಹೋದ." ಅಂದು ರಾತ್ರಿ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತವನು ಎದ್ದದ್ದು ಫಜರ್ ನಮಾಜಿನ ಕರೆ ಕೇಳಿದಾಗ. ಒಂದು ಎಳೆ ಹಿಡಿದರೆ ಇನ್ನೊಂದು ಸಿಕ್ಕಿತು. ಎಲ್ಲ ಎಳೆಗಳೂ ಬಂದು ಸೇರಿದ್ದು ನಮ್ಮ ಬೆಂಗಳೂರಿನ ಒಂದು ಮೃದಂಗ ಶಾಲೆಗೆ. ಆ ಕಥೆಯನ್ನು ನಮ್ಮ ಕೂಟದ ಮಿತ್ರರಿಗೆ ಹೇಳಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ರಾಕ್ ಎಂದರೆ ನಮ್ಮ ತಲೆಮಾರಿನವರಿಗೆ ಅರಮನೆ ಮೈದಾನ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್. ಕೊನೆಯದಕ್ಕೆ ನಾನೂ ಕಪ್ಪು ಟೀ ಶರ್ಟ್ ಹಾಕಿಕೊಂಡು ನಿಂತಿದ್ದೆ, ಮಾರನೆಯ ದಿನ ಸಂಜೆಯವರೆಗೂ ಕಿವಿ ಗುಂಯ್ ಅನ್ನುತ್ತಿತ್ತು. ಆದರೆ 1970ರ ದಶಕದ ಆರಂಭದಲ್ಲಿ ಮದ್ರಾಸು, ಬೆಂಗಳೂರು, ಮುಂಬಯಿಗಳಲ್ಲಿ ರಾಕ್ ಬಾರಿಸುತ್ತಿದ್ದವರಿಗೆ ಮೈದಾನ ಇರಲಿಲ್ಲ. ಅವರಿಗೆ ಇದ್ದದ್ದು ಹೋಟೆಲಿನ ಮೂಲೆ, ಕಾಲೇಜಿನ ಸಭಾಂಗಣ, ಕ್ಲಬ್ಬಿನ ಕುಣಿತದ ಸಂಜೆ. ವಿದೇಶಿ ಗಿಟಾರಿನ ಮೇಲಿನ ಆಮದು ಸುಂಕ ಕಟ್ಟುವುದು ಮಧ್ಯಮವರ್ಗದ ಹುಡುಗರ ಕೈಯಲ್ಲಿ ಆಗದ ಮಾತು. ರೇಡಿಯೋ ರಿಪೇರಿಯವರ ಹತ್ತಿರ ಆಂಪ್ ಕಟ್ಟಿಸಿಕೊಂಡು, ಹಾಡುಗಳನ್ನು ಶಾರ್ಟ್‌ವೇವ್‌ನಲ್ಲಿ ಕೇಳಿ ಬರೆದುಕೊಂಡು ಬಾರಿಸುತ್ತಿದ್ದ ಕಾಲ.

ಹ್ಯೂಮನ್ ಬಾಂಡೇಜ್ ಆ ಕಾಲದ ದೊಡ್ಡ ಹೆಸರು. ರಮೇಶ್ ಮತ್ತು ಗಿಟಾರಿನ ಸುರೇಶ್ ಮದ್ರಾಸಿನ ಅಣ್ಣತಮ್ಮಂದಿರು. ಹಾಡುತ್ತಿದ್ದವರು ರಾಧಾ ಥಾಮಸ್, ಮುಂದೆ ಬೆಂಗಳೂರಿನ ಜಾಝ್ ಗಾಯಕಿಯಾಗಿ ಹೆಸರಾದವರು. ಮುಂಬಯಿಯ ಕೊಲಾಬಾದಲ್ಲಿ ಸ್ಲಿಪ್ ಡಿಸ್ಕ್ ಎಂಬ ಸಣ್ಣ ಡಿಸ್ಕೋ ಇತ್ತು. ಅಲ್ಲಿ ಈ ತಂಡ ನುಡಿಸುತ್ತಿತ್ತು. ಆ ಜಾಗದ ಒಂದು ಸಂಗತಿ ಹೇಳಲೇಬೇಕು. 1972ರಲ್ಲಿ, ಆಗ ಜಗತ್ತಿನಲ್ಲೇ ಅತಿ ದೊಡ್ಡ ರಾಕ್ ತಂಡಗಳಲ್ಲೊಂದಾದ ಲೆಡ್ ಝೆಪ್ಪೆಲಿನ್‌ನ ರಾಬರ್ಟ್ ಪ್ಲಾಂಟ್ ಮತ್ತು ಜಿಮ್ಮಿ ಪೇಜ್ ಮುಂಬಯಿಗೆ ಬಂದಿದ್ದಾಗ ಆ ಡಿಸ್ಕೋಗೆ ಹೊಕ್ಕು, ಅಲ್ಲಿನವರ ಅದೇ ರಿಪೇರಿ ಮಾಡಿದ ವಾದ್ಯಗಳ ಮೇಲೆ ನುಡಿಸಿ ಹೋದರು. ಲಕ್ಷಾಂತರ ಜನ ಟಿಕೆಟಿಗೆ ಸಾಲು ನಿಲ್ಲುವ ಮಂದಿ, ನಮ್ಮ ಅಲ್ ಖುವೈರಿನ ಒಂದು ಫ್ಲಾಟಿನ ಹಾಲಿನಲ್ಲಿ ಹಿಡಿಸುವಷ್ಟು ಜನರ ಮುಂದೆ! ದೊಡ್ಡವರಿಗೆ ಇದು ಒಂದು ರಾತ್ರಿಯ ವಿನೋದ. ಅಲ್ಲಿ ದಿನಾ ಬಾರಿಸುವವರಿಗೆ ಅದೇ ಜೀವನ. ಈ ಕಥೆ ಹೇಳುವವರೆಲ್ಲ ಪ್ಲಾಂಟ್, ಪೇಜ್ ಬಗ್ಗೆ ಹೇಳಿ ನಿಲ್ಲಿಸುತ್ತಾರೆ. ಮಾರನೆಯ ಸಂಜೆ ಅದೇ ಡ್ರಮ್ಮಿನ ಮುಂದೆ ಕೂತವನ ಕಥೆ ಯಾರಿಗೂ ಬೇಕಿಲ್ಲ.

ಆ ಬ್ಯಾಂಡೂ ಎಲ್ಲ ಬ್ಯಾಂಡುಗಳ ಹಾಗೆ ಒಡೆಯಿತು. ಅಲ್ಲಿಗೆ ಹೆಚ್ಚಿನವರು ಬ್ಯಾಂಕಿಗೋ ಜಾಹೀರಾತು ಕಂಪನಿಗೋ ಸೇರುತ್ತಾರೆ (ನಮ್ಮ ಕಾಲದಲ್ಲಾದರೆ ಸಾಫ್ಟ್‌ವೇರಿಗೆ. ಯಾರನ್ನೂ ದೂರುತ್ತಿಲ್ಲ, ನಾನೇ ಸೇರಿದ್ದೇನೆ). ರಮೇಶ್ ಶೋತಮ್ ಬೇರೆ ದಾರಿ ಹಿಡಿದರು. ರಾಕ್ ಬ್ಯಾಂಡಿನಲ್ಲಿ ಹೆಸರು ಮಾಡಿದ ಡ್ರಮ್ಮರ್ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ವಿದ್ಯಾರ್ಥಿಯಾಗಿ ಕೂತರು.

ಕಾಲೇಜು ಎಂದರೆ ದೊಡ್ಡ ಕಟ್ಟಡ, ಕ್ಯಾಂಪಸ್ ಎಂದೆಲ್ಲ ಊಹಿಸಬೇಡಿ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ತಾಳವಾದ್ಯಗಳಿಗೆಂದೇ ಶುರುಮಾಡಿದ ಪಾಠಶಾಲೆ ಅದು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ. ಕಚೇರಿಯಲ್ಲಿ ಹಾಡುಗಾರರ ಹಿಂದೆ ಕೂತು, ತನಿ ಆವರ್ತನದ ಹದಿನೈದು ನಿಮಿಷಕ್ಕೆ ಕಾಯುವ ಮೃದಂಗ, ಘಟ, ಖಂಜಿರ, ಮೋರ್ಚಿಂಗುಗಳನ್ನು ಮುಂದಕ್ಕೆ ತಂದು, ಬರೀ ಲಯವಾದ್ಯಗಳ ತಂಡ ಕಟ್ಟಿದವರು ಇವರು. ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವ ಸಭಿಕರನ್ನು ನೀವೂ ನೋಡಿರಬಹುದು. ಆ ಎದ್ದು ಹೋಗುವವರಿಗೆ ಬೆನ್ನು ತೋರಿಸಿ ಬಾರಿಸುವ ಧೈರ್ಯ ಇದ್ದ ಶಾಲೆ ಅನ್ನಬಹುದು.

ರಾಕ್ ಡ್ರಮ್ಮರಿಗೆ ಇಲ್ಲಿ ಸಿಕ್ಕಿದ್ದೇನು? ನಾನು ಕಂಪ್ಯೂಟರಿನವನು, ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ರಾಕ್ ಬಹುಪಾಲು ನಾಲ್ಕರ ಎಣಿಕೆ. ಅದರ ಬಲ ಇರುವುದು ಒಂದೇ ಹೊಡೆತವನ್ನು ಬಿಡದೆ ಹೊತ್ತೊಯ್ಯುವುದರಲ್ಲಿ. ನಮ್ಮಲ್ಲಿ ಆದಿತಾಳದ ಎಂಟು ಎಣಿಕೆ ಹಾಗೇ ನಡೆಯುತ್ತಿರುವಾಗ ಅದರ ಮೇಲೆ 'ತಕತಕಿಟ' ಎಂದು ಐದೈದು ಅಕ್ಷರದ ಗುಂಪು ಕೂರಿಸುತ್ತಾ ಹೋಗುತ್ತಾರೆ. ಐದು ಎಂಟಕ್ಕೆ ಹೊಂದುವುದಿಲ್ಲ. ಪ್ರತಿ ಸುತ್ತಿನಲ್ಲೂ ಗುಂಪು ಬೇರೆ ಕಡೆ ಬೀಳುತ್ತದೆ. ಕೇಳುವವನಿಗೆ ತಾಳ ತಪ್ಪಿತೇನೋ ಎಂಬ ಗಾಬರಿ. ಎಣಿಕೆಗೆ ಒಂದೊಂದೇ ಅಕ್ಷರ ಎಂದುಕೊಂಡರೆ ನಲವತ್ತನೆಯ ಅಕ್ಷರಕ್ಕೆ, ಅಂದರೆ ಸರಿಯಾಗಿ ಐದು ಆವರ್ತ ಮುಗಿದಾಗ, ಎರಡೂ ಬಂದು ಸಮಕ್ಕೆ ಬೀಳುತ್ತವೆ. ಹೈಸ್ಕೂಲಿನಲ್ಲಿ ಕಲಿತ ಲ.ಸಾ.ಅ. ಬೇರೇನೂ ಅಲ್ಲ. ಆದರೆ ಇದನ್ನು ಕಾಗದದ ಮೇಲೆ ಮಾಡುವುದು ಬೇರೆ, ಬಾಯಲ್ಲಿ ಕೊನ್ನಕ್ಕೋಲು ಹೇಳುತ್ತಾ ಕೈಯಲ್ಲಿ ತಾಳ ಹಾಕುತ್ತಾ ಮಾಡುವುದು ಬೇರೆ. ವಾದ್ಯ ಮುಟ್ಟುವ ಮುಂಚೆ ಬಾಯಲ್ಲಿ ಹೇಳಿಕೊಡುವ ಪದ್ಧತಿ ನಮ್ಮದು. ಡ್ರಮ್ ಸೆಟ್ ಇಲ್ಲದೆ, ಕರೆಂಟ್ ಇಲ್ಲದೆ, ಬಸ್ಸಿನಲ್ಲಿ ಕೂತೂ ಅಭ್ಯಾಸ ಮಾಡಬಹುದು. ಊರೂರು ಅಲೆಯುವ ವಾದ್ಯಗಾರನಿಗೆ ಇದಕ್ಕಿಂತ ಅನುಕೂಲದ ವಿದ್ಯೆ ಯಾವುದಿದೆ?

ತವಿಲ್ ಎಂದರೆ ನಾಗಸ್ವರದ ಜೊತೆ ಬಾರಿಸುತ್ತಾರಲ್ಲ, ಅದೇ ಡೋಲು. ಒಂದು ಕೈಗೆ ಗಿಡ್ಡ ಕೋಲು, ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿ ಕವಚ. ಮೈಕು ಬರುವ ಮುಂಚೆ ಇಡೀ ರಥಬೀದಿಗೆ ಕೇಳಿಸಬೇಕೆಂದು ಮಾಡಿದ ವಾದ್ಯ. ಹಾಗೆ ನೋಡಿದರೆ ನಮ್ಮ ಸಂಗೀತದಲ್ಲಿ ರಾಕ್ ಡ್ರಮ್ಸಿಗೆ ಹತ್ತಿರದ ನೆಂಟ ಮೃದಂಗ ಅಲ್ಲ, ಈ ಡೋಲೇ. ಶೋತಮ್ ಅದನ್ನು ಕೈಗೆತ್ತಿಕೊಂಡದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ.

ಈಗ ಕಥೆ ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೋಗುತ್ತದೆ. ಇದೇ ವರ್ಷಗಳಲ್ಲಿ ಜರ್ಮನಿಯ ಒಬ್ಬ ರಾಕ್ ಡ್ರಮ್ಮರ್ ಎದುರು ದಿಕ್ಕಿನಿಂದ ನಮ್ಮತ್ತ ಬರುತ್ತಿದ್ದ. ಆತ ಕ್ರಿಶ್ಚಿಯನ್ ಬುರ್ಕಾರ್ಡ್.

1946ರಲ್ಲಿ ಬವೇರಿಯಾದ ಹೋಫ್ ಎಂಬ ಊರಿನಲ್ಲಿ ಹುಟ್ಟಿದ ಬುರ್ಕಾರ್ಡ್, 1969ರಲ್ಲಿ ಮ್ಯೂನಿಕ್‌ನಲ್ಲಿ ಎಂಬ್ರಿಯೊ ಎಂಬ ತಂಡ ಕಟ್ಟಿದ. ಡ್ರಮ್ಸ್ ಮತ್ತು ವೈಬ್ರಫೋನ್ ಅವನ ವಾದ್ಯಗಳು. (ವೈಬ್ರಫೋನ್ ಎಂದರೆ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವಾದ್ಯ, ನಮ್ಮ ಜಲತರಂಗದ ದೂರದ ಬಂಧು ಎಂದುಕೊಳ್ಳಿ.) ಜರ್ಮನಿಯಲ್ಲಿ ಅದು ರಾಕ್ ಉಕ್ಕುತ್ತಿದ್ದ ಕಾಲ, ದೊಡ್ಡ ರೆಕಾರ್ಡ್ ಕಂಪನಿಗಳು ಬಾಗಿಲು ತೆರೆದಿದ್ದವು. ಎಂಬ್ರಿಯೊ ಮೊದಮೊದಲು ಅವುಗಳೊಂದಿಗೆ ಹೋಯಿತು. ಆದರೆ 1976ರ ಹೊತ್ತಿಗೆ ಬೇರೆ ಕೆಲವು ತಂಡಗಳ ಜೊತೆ ಸೇರಿ ತಮ್ಮದೇ ಲೇಬಲ್ ಮಾಡಿಕೊಂಡರು. ಮೊದಲು 'ಏಪ್ರಿಲ್' ಎಂದು, ಆಮೇಲೆ 'ಷ್ನೇಬಾಲ್', ಅಂದರೆ ಹಿಮದ ಉಂಡೆ, ಎಂದು ಅದರ ಹೆಸರು. ವಾದ್ಯಗಾರರೇ ಧ್ವನಿಮುದ್ರಿಸಿ, ವಾದ್ಯಗಾರರೇ ಮಾರುವುದು. ನಮ್ಮ ಕ್ಷೇತ್ರದ ಓಪನ್ ಸೋರ್ಸ್ ಮಂದಿಯ ಅಣ್ಣಂದಿರು ಎನ್ನಬಹುದು. ಅವರ ಹಾಗೆ ಇವರಿಗೂ ಗೌರವ ಜಾಸ್ತಿ, ದುಡ್ಡು ಕಮ್ಮಿ.

1978ರಲ್ಲಿ ಈ ತಂಡ ಹೆಂಡತಿ ಮಕ್ಕಳ ಸಮೇತ ಬಸ್ಸು ಹತ್ತಿ ರಸ್ತೆಯಲ್ಲೇ ಭಾರತಕ್ಕೆ ಹೊರಟಿತು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತ. ಇಸವಿಯನ್ನು ಗಮನಿಸಿ. ಅಫ್ಘಾನಿಸ್ತಾನದಲ್ಲಿ ಏಪ್ರಿಲ್‌ನಲ್ಲಷ್ಟೇ ಕ್ಷಿಪ್ರಕ್ರಾಂತಿಯಾಗಿತ್ತು. ಇರಾನ್ ಹೊತ್ತಿ ಉರಿಯುತ್ತಿತ್ತು, 1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಹೋದರು. ಆ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಕಾಬೂಲಿಗೆ ಬಂತು. ಯುರೋಪಿನಿಂದ ಹಿಪ್ಪಿಗಳು ಹತ್ತಾರು ವರ್ಷ ಓಡಾಡಿದ ರಸ್ತೆ ಎಂಬ್ರಿಯೊ ದಾಟಿದ ಬೆನ್ನಿಗೇ ಮುಚ್ಚಿಹೋಯಿತು. ಇವರು ದಾರಿಯುದ್ದಕ್ಕೂ ಸಿಕ್ಕಿದಲ್ಲಿ ಇಳಿದು, ಅಲ್ಲಿನ ವಾದ್ಯಗಾರರ ಜೊತೆ ಕೂತು ನುಡಿಸಿದರು. ಕಾಬೂಲಿನಲ್ಲಿ ಅಫ್ಘನ್ ಸಂಗೀತಗಾರರೊಂದಿಗೆ ನುಡಿಸಿದ್ದನ್ನು ಮುದ್ರಿಸಿಕೊಂಡರು. 'ಎಂಬ್ರಿಯೋಸ್ ರೈಸೆ' (ಎಂಬ್ರಿಯೊದ ಪ್ರಯಾಣ) ಎಂಬ ಎರಡು ತಟ್ಟೆಗಳ ಆಲ್ಬಮ್ಮಿನಲ್ಲಿ ಅದು ಉಳಿದಿದೆ. ವೆರ್ನರ್ ಪೆಂಜೆಲ್ ಈ ಪ್ರಯಾಣವನ್ನು ಚಿತ್ರವಾಗಿಯೂ ತೆಗೆದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಅಲೆಮಾರಿಗಳ ಕಾರವಾನ್' ಎಂದಾಗುತ್ತದೆ. ತಾಲಿಬಾನಿನವರು ಸಂಗೀತವನ್ನೇ ನಿಷೇಧಿಸಿದ ಕಾಲಕ್ಕೆ ಆ ಮುದ್ರಣದ ಬೆಲೆ ಬೇರೆಯಾಯಿತು.

ಈ ಪ್ರಯಾಣದ ಆಸುಪಾಸಿನ ವರ್ಷಗಳಲ್ಲೇ ಎಂಬ್ರಿಯೊಗೂ ಮಣಿ–ರಮಾಮಣಿಯವರ ಶಾಲೆಗೂ ನಂಟು ಬೆಳೆದು, ಇಬ್ಬರೂ ಸೇರಿ 'ಲೈಫ್' ಎಂಬ ಆಲ್ಬಮ್ ಮಾಡಿದರು. ಅದರಲ್ಲಿ ಮೂರನೆಯವನೊಬ್ಬನಿದ್ದ, ಚಾರ್ಲಿ ಮೇರಿಯಾನೊ. 1923ರಲ್ಲಿ ಬೋಸ್ಟನ್ನಿನಲ್ಲಿ ಇಟಲಿಯ ವಲಸಿಗರ ಮಗನಾಗಿ ಹುಟ್ಟಿದ, ಚಾರ್ಲ್ಸ್ ಮಿಂಗಸ್‌ನಂಥ ಜಾಝ್ ದಿಗ್ಗಜನ ಜೊತೆ ನುಡಿಸಿದ ಸ್ಯಾಕ್ಸೋಫೋನ್ ವಾದಕ. ಮಲೇಷ್ಯಾದಲ್ಲಿ ಕೆಲಸಕ್ಕಿದ್ದಾಗ ನಾಗಸ್ವರ ಕೇಳಿ ಮರುಳಾಗಿ, ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತ. ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿಗೆ ಹೋದರು. ಈ ಮನುಷ್ಯ ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದ! ಮುಂದೆ ಮೇರಿಯಾನೊ ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದ. ರಮೇಶ್ ಶೋತಮ್ ನೆಲೆಸಿದ್ದೂ ಅದೇ ಊರಿನಲ್ಲಿ. ನಾಗಸ್ವರ ಕಲಿತ ಬೋಸ್ಟನ್ನಿನವನು, ತವಿಲ್ ಕಲಿತ ಮದ್ರಾಸಿನ ರಾಕ್ ಡ್ರಮ್ಮರ್, ಇಬ್ಬರೂ ಒಂದೇ ಜರ್ಮನ್ ಊರಿನಲ್ಲಿ. ಒಂದು ಜೊತೆ ವಾಲಗಕ್ಕೆ ಇನ್ನೇನು ಬೇಕು, ಶ್ರುತಿಯವನೊಬ್ಬ ಬೇಕು ಅಷ್ಟೇ.

ಶಾಲೆಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಎಂಬ್ರಿಯೊದಿಂದ ಒಡೆದು ಬಂದ ಮೂವರು 1981ರಲ್ಲಿ ಡಿಸಿಡೆಂಟೆನ್ (ಭಿನ್ನಮತೀಯರು) ಎಂಬ ತಂಡ ಕಟ್ಟಿ, ಮಾರನೆಯ ವರ್ಷ 'ಜರ್ಮನಿಸ್ತಾನ್' ಎಂಬ ಮೊದಲ ಆಲ್ಬಮ್ ತಂದಾಗ ಜೊತೆಗಿದ್ದದ್ದು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನೇ. ಅದೇ ಡಿಸಿಡೆಂಟೆನ್ ಆಮೇಲೆ ಮೊರಾಕ್ಕೋಗೆ ಹೋಗಿ ಲೆಮ್ ಶಹೇಬ್ ಎಂಬ ಅರಬ್ ತಂಡದ ಜೊತೆ ಮಾಡಿದ 'ಸಹಾರಾ ಎಲೆಕ್ಟ್ರಿಕ್' (1984) ಯುರೋಪಿನ ಕುಣಿತದ ಕ್ಲಬ್ಬುಗಳಲ್ಲಿ ಓಡಿತು. 1983ರಲ್ಲಿ ಮೇರಿಯಾನೊ, ರಮಾಮಣಿ, ಮಣಿ ಮತ್ತು ಸಂಗಡಿಗರು ಮ್ಯೂನ್ಶೆನ್‌ನ (ಅದೇ ಮ್ಯೂನಿಕ್) ಇಸಿಎಂ ಕಂಪನಿಗೆ 'ಜ್ಯೋತಿ' ಮಾಡಿದರು. ಇಸಿಎಂ ಎಂದರೆ ಜಾಝ್ ರಸಿಕರ ಮಟ್ಟಿಗೆ ಗರ್ಭಗುಡಿ ಇದ್ದ ಹಾಗೆ. ರಮಾಮಣಿಯವರ ಕಂಠ, ಮೃದಂಗ, ಘಟ, ಮತ್ತು ಆ ಅಮೆರಿಕನ್ನನ ಊದುವಿಕೆ. ಒಂದು ಶುಕ್ರವಾರ ಬೆಳಗ್ಗೆ, ಅಲ್ ಖುವೈರ್ ಇನ್ನೂ ಏಳದ ಹೊತ್ತಿನಲ್ಲಿ, ಕೇಳಿ ನೋಡಿ. ನಮ್ಮೂರಿನ ಇಂಥ ಒಂದು ಸಂಗೀತ ಮ್ಯೂನಿಕ್‌ನವರಿಗೆ, ಕೊಲೋನ್‌ನವರಿಗೆ ಗೊತ್ತು. ನಮಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದ ನನಗೆ ಇದನ್ನು ಹೇಳಲು ಮಸ್ಕತ್ತಿನ ಹೋಟೆಲಿನಲ್ಲಿ ಒಬ್ಬ ಮಂಗಳೂರಿನವರು ಸಿಕ್ಕಬೇಕಾಯಿತು.

ಇಲ್ಲಿ ಕೊಲ್ಲಿಯಲ್ಲಿರುವ ನಮಗೆ ಇನ್ನೂ ಹತ್ತಿರವಾದ ಎಳೆ ಒಂದಿದೆ. ಎಂಬ್ರಿಯೊದ ಬಸ್ಸು ಮ್ಯೂನಿಕ್ ಬಿಟ್ಟ ಅದೇ 1978ರಲ್ಲಿ, ಬೇರುತ್‌ನ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಮ್ಯೂನಿಕ್‌ಗೆ ಬಂದಿಳಿದ ಇಪ್ಪತ್ತೊಂದರ ಹುಡುಗನೊಬ್ಬನಿದ್ದ. ರಬೀಹ್ ಅಬು ಖಲೀಲ್, ಊದ್ ವಾದಕ. ಊದ್ ಅಂದರೆ ನಿಮಗೆ ಗೊತ್ತೇ ಇದೆ, ಇಲ್ಲಿ ಯಾವ ಹಬ್ಬಕ್ಕೂ ಕೇಳಿಸುವ ಆ ಗುಂಡು ಬೆನ್ನಿನ ತಂತಿವಾದ್ಯ. ಒಮಾನಿನಲ್ಲಿ ಅದರ ಹವ್ಯಾಸಿಗಳಿಗೆಂದೇ ಸರ್ಕಾರದ ಆಶ್ರಯದ ಸಂಘವಿದೆ. ಅಬು ಖಲೀಲ್ 1987ರಲ್ಲಿ ತಂದ 'ಬಿಟ್ವೀನ್ ಡಸ್ಕ್ ಅಂಡ್ ಡಾನ್' ಆಲ್ಬಮ್ಮಿನ ವಾದಕರ ಪಟ್ಟಿ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಸ್ಯಾಕ್ಸೋಫೋನು ಚಾರ್ಲಿ ಮೇರಿಯಾನೊ. ಮರಿಂಬಾ ಕ್ರಿಶ್ಚಿಯನ್ ಬುರ್ಕಾರ್ಡ್. ದಕ್ಷಿಣ ಭಾರತದ ತಾಳವಾದ್ಯ ರಮೇಶ್ ಶೋತಮ್. ಲೆಬನಾನಿನ ಊದಿನ ಸುತ್ತ ಒಬ್ಬ ಬೋಸ್ಟನ್ನಿನವ, ಒಬ್ಬ ಬವೇರಿಯದ ಹಳೆಯ ರಾಕರ್, ಹ್ಯೂಮನ್ ಬಾಂಡೇಜ್‌ನ ನಮ್ಮ ಡ್ರಮ್ಮರ್! ಬೇರೆ ಬೇರೆ ದಾರಿ ಹಿಡಿದವರು ಒಂದೇ ಸಮಕ್ಕೆ ಬಂದು ಬಿದ್ದಿದ್ದರು, ನಲವತ್ತನೆಯ ಅಕ್ಷರದ ಹಾಗೆ. ಶೋತಮ್ ಆಮೇಲೂ ಹಲವು ವರ್ಷ ಈ ಊದ್ ವಾದಕನ ಜೊತೆ ನುಡಿಸಿದರು. ತಮ್ಮದೇ 'ಮದ್ರಾಸ್ ಸ್ಪೆಷಲ್' ಎಂಬ ತಂಡವನ್ನೂ ಕಟ್ಟಿದರು.

ಬುರ್ಕಾರ್ಡ್ ಮಾತ್ರ ಕೊನೆಯವರೆಗೂ ಅಲೆಮಾರಿಯಾಗೇ ಉಳಿದ. ನೈಜೀರಿಯಾದ ಯೊರುಬಾ ಡೋಲಿನವರ ಜೊತೆ ಒಂದು ಆಲ್ಬಮ್, ಮೊರಾಕ್ಕೋದ ಗ್ನಾವಾಗಳ ಜೊತೆ ಒಡನಾಟ. ವೈಬ್ರಫೋನಿನ ಪಕ್ಕಕ್ಕೆ ಸಂತೂರ್ ಬಂತು. ಎಂಬ್ರಿಯೊದಲ್ಲಿ ನುಡಿಸಿ ಹೋದವರ ಸಂಖ್ಯೆ ನೂರುಗಳಲ್ಲಿ ಎಣಿಸಬೇಕು. ತಂಡ ಎನ್ನುವುದಕ್ಕಿಂತ ಧರ್ಮಛತ್ರ ಎನ್ನುವುದು ಸರಿ. 2008ರಲ್ಲಿ ಜರ್ಮನಿಯವರು ವಿಶ್ವಸಂಗೀತಕ್ಕೆ ಕೊಡುವ 'ರೂತ್' ಪ್ರಶಸ್ತಿ ಎಂಬ್ರಿಯೊಗೆ ಬಂತು, ತಂಡ ಕಟ್ಟಿ ಮೂವತ್ತೊಂಬತ್ತು ವರ್ಷದ ಮೇಲೆ. ದೊಡ್ಡ ಕಂಪನಿಗಳ ಜೊತೆಗೇ ಇದ್ದಿದ್ದರೆ ಇವನಿಗೂ ಮೈದಾನಗಳು ಸಿಗುತ್ತಿದ್ದವೇ? ಸಿಗುತ್ತಿದ್ದವೇನೋ. ಆದರೆ ಕಾಬೂಲಿನ ಆ ಮುದ್ರಣ ಇರುತ್ತಿರಲಿಲ್ಲ. ಮೈದಾನದಲ್ಲಿ ನುಡಿಸುವವನು ಬಂದದ್ದನ್ನೇ ಮತ್ತೆ ನುಡಿಸಬೇಕು, ಟಿಕೆಟ್ ಕೊಂಡವರು ಅದಕ್ಕೇ ಬಂದಿರುತ್ತಾರೆ. ಐರನ್ ಮೇಡನ್ ಎದುರು ನಿಂತು ನಾವು ಕೂಗಿದ್ದೂ ಹಳೆಯ ಹಾಡುಗಳಿಗಾಗಿಯೇ. ನೂರು ಜನರ ಜಾಗದಲ್ಲಿ ಹೊಸದನ್ನು ತಪ್ಪಾಗಿ ನುಡಿಸುವ ಸ್ವಾತಂತ್ರ್ಯ ಇರುತ್ತದೆ.

ಇದನ್ನೆಲ್ಲ ಚಂದದ ಕಥೆಯಾಗಿ ಹೇಳುವುದು ಸುಲಭ, ಸಣ್ಣ ವೇದಿಕೆಯ ಜೀವನ ಚಂದವೇನಲ್ಲ. ಅದಕ್ಕೆ ಪಿಂಚಣಿ ಇಲ್ಲ. ಯುರೋಪಿನಲ್ಲಿ ಗೊಯ್ಥೆ ಸಂಸ್ಥೆಯಂಥವು, ರೇಡಿಯೋ ಕೇಂದ್ರಗಳು, ಊರೂರಿನ ಉತ್ಸವಗಳು ಇಂಥವರನ್ನು ಅಷ್ಟಿಷ್ಟು ಹಿಡಿದು ನಿಲ್ಲಿಸುತ್ತವೆ. ಶೋತಮ್ ಜರ್ಮನಿಗೆ ಹೋಗದೆ ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಉಳಿದಿದ್ದರೆ ಅವರಿಗೂ ಹಡಗು, ಆಮೇಲೆ ಕೊಲ್ಲಿಯ ಹೋಟೆಲು ಗತಿಯಾಗುತ್ತಿತ್ತೋ ಏನೋ. ಹೋಟೆಲಿನಲ್ಲಿ ಬಾರಿಸುವವರದ್ದು ತಿಂಗಳ ಲೆಕ್ಕದ ಕಾಂಟ್ರಾಕ್ಟು. ನಮ್ಮ ಶಾತಿ ಅಲ್ ಕುರುಮ್‌ನಲ್ಲಿ 2011ರಲ್ಲಿ ತೆರೆದ ರಾಯಲ್ ಅಪೆರಾ ಹೌಸ್ ಇದೆ, ಅಮೃತಶಿಲೆ, ಕೆತ್ತನೆಯ ಮರ, ಜಗತ್ತಿನ ದೊಡ್ಡ ದೊಡ್ಡ ಗಾಯಕರು. ಅಲ್ಲಿಂದ ಅಲ್ ಖುವೈರಿಗೆ ಕಾರಿನಲ್ಲಿ ಕೆಲವೇ ನಿಮಿಷ. ಆ ಹಿರಿಯರು ಅಲ್ಲಿಗೆ ಒಮ್ಮೆ ಹೋಗಿದ್ದರಂತೆ, ಹೊರಗಿನ ಅಂಗಳದವರೆಗೆ. "ಒಳಗೆ ಟಿಕೆಟ್ ಜೋರು ಮಾರಾಯ್ರೇ" ಅಂದಿದ್ದರು.

ಆ ಮೊದಲ ಸಂಜೆಯ ನಂತರ ನಾನು ಆ ಹೋಟೆಲಿಗೆ ಆಗಾಗ ಹೋಗತೊಡಗಿದೆ, ಬರೀ ಒಂದು ಚಹಾ ಕುಡಿಯಲು. ಕೊಲೋನ್, ಕಾಬೂಲ್, 'ಜ್ಯೋತಿ' ಎಲ್ಲವನ್ನೂ ಅವರಿಗೆ ವರದಿ ಒಪ್ಪಿಸಿದೆ. 2018ರ ಜನವರಿಯಲ್ಲಿ ಬುರ್ಕಾರ್ಡ್ ತೀರಿಕೊಂಡರೆಂದೂ, ಅವರ ಮಗಳು ಮಾರಿಯಾ ತಂಡವನ್ನು ನಡೆಸುತ್ತಿದ್ದಾರೆಂದೂ ಹೇಳಿದೆ. (ಆಕೆಯ ಮುಂದಾಳತ್ವದಲ್ಲಿ 2021ರಲ್ಲಿ ಹೊಸ ಆಲ್ಬಮ್ಮೇ ಬಂತು.) ಫೋನಿನಲ್ಲಿ ಶೋತಮ್‌ರ ತವಿಲ್ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ನೋಡಿ, ಬಲಗೈ ಇನ್ನೂ ರಾಕಿನದ್ದೇ" ಅಂದರು. ನನಗೆ ತಿಳಿಯಲಿಲ್ಲ, ತಿಳಿದವರ ಹಾಗೆ ತಲೆಯಾಡಿಸಿದೆ.

ಒಂದು ರಾತ್ರಿ ಜನ ತೀರಾ ಕಮ್ಮಿ ಇದ್ದರು. ಅವರು ರಿದಮ್ ಮೆಷಿನ್ ಆರಿಸಿ, ನನ್ನನ್ನು ನೋಡಿ, ಮೆಲ್ಲಗೆ ಐದರ ನಡೆಯಲ್ಲಿ ಏನನ್ನೋ ಶುರುಮಾಡಿದರು. ಸುಮಾರು ಇಪ್ಪತ್ತು ನಿಮಿಷ. ಒಬ್ಬ ಮಲಯಾಳಿ ವೇಟರ್ ನೀರಿನ ಜಗ್ಗು ಹಿಡಿದುಕೊಂಡೇ ನಿಂತುಬಿಟ್ಟ. ನಾನು ಮೇಜಿನ ಕೆಳಗೆ ಬೆರಳು ಮಡಿಚಿ ಎಣಿಸುತ್ತಿದ್ದೆ, ಎರಡು ಸಲ ತಪ್ಪಿದೆ. ಮುಗಿದಾಗ ದೂರದ ಮೇಜಿನಲ್ಲಿದ್ದ ಒಬ್ಬ ಒಮಾನಿ ಹಿರಿಯರು, ಬಿಳಿ ದಿಶ್‌ದಾಶಾ ತೊಟ್ಟವರು, ಕೈಯೆತ್ತಿ ಎದೆಗೆ ಮುಟ್ಟಿಸಿಕೊಂಡರು.

2020ರ ಮಾರ್ಚಿನಲ್ಲಿ ಹೋಟೆಲುಗಳ ಹಾಡು ನಿಂತಿತು, ಎಲ್ಲ ಕಡೆಯಂತೆ. ಅವರ ಕಾಂಟ್ರಾಕ್ಟೂ ಮುಗಿಯಿತು. ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿದ ದಿನ ಫೋನ್ ಮಾಡಿದ್ದರು. ಗಿಟಾರ್ ಕೊಂಡೊಯ್ಯಬಹುದು, ಆಂಪ್ ಭಾರ ಹೆಚ್ಚಾಗುತ್ತದೆ, ನೀವು ಇಟ್ಟುಕೊಳ್ಳುತ್ತೀರಾ ಅಂತ. ಮಾಸ್ಕ್ ಹಾಕಿಕೊಂಡು ಹೋಗಿ ಕಟ್ಟಡದ ಬಾಗಿಲಲ್ಲೇ ಇಸಿದುಕೊಂಡೆ. ದುಡ್ಡು ಕೊಡಲು ಹೋದರೆ ಬೈದರು. "ಅದರ ಎಡಗಡೆ ಗುಂಡಿ ಸಡಿಲ ಉಂಟು, ಜಾಸ್ತಿ ತಿರುಗಿಸಬೇಡಿ" ಅಂದರು.

ಆಂಪ್ ನಮ್ಮ ಹಾಲಿನಲ್ಲಿದೆ. ಎರಡು ವರ್ಷ ಅದರ ಮೇಲೆ ನನ್ನಾಕೆ ಮನಿಪ್ಲಾಂಟ್ ಇಟ್ಟಿದ್ದಳು. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕೂಟ ನಮ್ಮನೆಯಲ್ಲೇ ಸೇರಿದ್ದು ನಿಮಗೆ ನೆನಪಿರಬಹುದು. ಕವಿತೆಗಳೆಲ್ಲ ಮುಗಿದು, ಬಿಸಿಬೇಳೆಬಾತಿಗೆ ಎಲ್ಲರೂ ಎದ್ದಾಗ ನಾನು ಮೂಲೆಯಲ್ಲಿ ಕೂತು ಏನೋ ಕೆರೆಯುತ್ತಿದ್ದೆನಲ್ಲ, ಅದು ಆ ಐದರ ನಡೆ. ಎಡಗಡೆ ಗುಂಡಿಯನ್ನು ಯಾರೋ ಮಕ್ಕಳು ಅವತ್ತು ಪೂರ್ತಿ ತಿರುಗಿಸಿಬಿಟ್ಟರು. ನಮ್ಮ ಕೂಟದಲ್ಲಿ ಬೆಸುಗೆ ಹಾಕಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.